ಮಾರ್ತಾಯಿಯ ಸಂತಮ್ಮ

ನನಗೊಂದು ಚಟವಿದೆ. ಯಾರಾದರೂ ಪ್ರಶ್ನೆ ಕೇಳಿದರೆ ಮೊದಲು ಅವರ ಪ್ರಶ್ನೆಯನ್ನು ಪೂರ್ತಿಯಾಗಿ ಅವರಿಗೇ ತಿರುಗಿ ಒಪ್ಪಿಸುತ್ತೇನೆ, ಆಮೇಲೆ ಉತ್ತರ ಹೇಳುತ್ತೇನೆ. ಬೆಳಿಗ್ಗೆ ಹೆಂಡತಿ ಜಗದೇವಿ ಅಡುಗೆಮನೆಯಿಂದ “ಚಾ ಕುಡೀತೀರೇನ್ರಿ?” ಎಂದು ಕೂಗಿದರೆ, ಪೇಪರಿನಿಂದ ತಲೆ ಎತ್ತದೆ “ನಾನು ಚಾ ಕುಡಿಯುತ್ತೇನೆಯೇ ಎಂದರೆ, ಹೌದು, ಕುಡಿಯುತ್ತೇನೆ” ಎನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಆಕೆ ಇದನ್ನು ಪ್ರೀತಿಯ ಚೇಷ್ಟೆ ಎಂದುಕೊಂಡಿದ್ದಳು. ಈಗ “ನಿಮಗ ಒಂದ್ ಕಪ್ ಚಾ ಕೇಳೂದ್ರಾಗ ಹಾಲು ಉಕ್ಕಿ ಹೋಗ್ತದ” ಎನ್ನುತ್ತಾಳೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು “ಯಾವ ಹಲ್ಲು ನೋಯ್ತದ್ರಿ?” ಎಂದಾಗ, ಕನ್ನಡಿಯನ್ನು ಬಾಯಲ್ಲಿಟ್ಟುಕೊಂಡೇ ಪ್ರಶ್ನೆ ಒಪ್ಪಿಸಲು ಹೋಗಿ ಅವರ ಬೆರಳು ಕಚ್ಚಿದ್ದೇನೆ. ಆಳಂದದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವದಲ್ಲಿ ಹುಡುಗರು ನನ್ನ ಅಣಕು ಮಾಡಬೇಕಾದರೆ ವೇಷವೂ ಬೇಕಿಲ್ಲ, ಯಾರೋ ಒಬ್ಬ ಪ್ರಶ್ನೆ ಕೇಳಿದರೆ ಸಾಕು, ಸಭೆ ನಗತೊಡಗುತ್ತದೆ.

ಈ ಚಟ ಹತ್ತಿಸಿದವಳು ಮಾರ್ತಮ್ಮ. ಜೇವರ್ಗಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯವಳು. ಆಗ ಅವಳಿಗೆ ಮೂವತ್ತೈದರ ಮೇಲೆ ಇದ್ದಿರಲಾರದು, ಆದರೂ ಓಣಿಗೆಲ್ಲ ಅವಳು ಮಾರ್ತಾಯಿ. ಹಗಲು ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಕೆಲಸ. ಸಂಜೆ ಅವಳು ಉಪದೇಶಿ, ಎಂದರೆ ಊರಿನ ನಾಲ್ಕಾರು ಕ್ಯಾಥೊಲಿಕ್ ಮನೆಗಳ ಮಕ್ಕಳಿಗೆ ಅವರ ಧರ್ಮದ ಪಾಠ ಹೇಳಿಕೊಡುವವಳು. ಆ ಪಾಠ ಇರುವುದೇ ಪ್ರಶ್ನೋತ್ತರದ ರೂಪದಲ್ಲಿ. ಮಾರ್ತಾಯಿ ಅದಕ್ಕೆ ‘ಸವಾಲ್-ಜವಾಬ್’ ಎನ್ನುತ್ತಿದ್ದಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಯಾರೋ ಹಳೆಯ ಫಾದರ್ ಬಾಯಿಂದ ಬಾಯಿಗೆ ಕಲಿಸಿದ್ದ ಅಷ್ಟೂ ಪ್ರಶ್ನೆ, ಅಷ್ಟೂ ಉತ್ತರ ಅವಳ ಕೈಯಲ್ಲಿದ್ದವು. ಕೈಯಲ್ಲಿ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಮಿಲ್ಲಿನಿಂದ ಬಂದ ಮೇಲೆ ಅಡುಗೆ ಆಗಬೇಕಲ್ಲ? ಹಾಗಾಗಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಲೇ ಪಾಠ. ಎರಡು ಬಡಿತಕ್ಕೆ ಒಂದು ಪ್ರಶ್ನೆ. ರೊಟ್ಟಿ ಅಗಲವಾಗಿ ಹಂಚಿನ ಮೇಲೆ ಬೀಳುವುದರೊಳಗೆ ಮಕ್ಕಳು ಪ್ರಶ್ನೆಯನ್ನು ತಿರುಗಿ ಹೇಳಿ ಉತ್ತರ ಮುಗಿಸಬೇಕು. ಮುಗಿಸಿದವರಿಗೆ ಬಿಸಿ ರೊಟ್ಟಿಯ ಚೂರು, ಮೇಲೆ ಅಗಸಿ ಹಿಂಡಿ, ಎಂದರೆ ಅಗಸೆ ಬೀಜದ ಖಾರದ ಚಟ್ನಿಪುಡಿ. ಪ್ರಶ್ನೆ ನುಂಗಿ ಬರೀ ಉತ್ತರ ಹೇಳಿದವನಿಗೆ ಏನೂ ಇಲ್ಲ. “ಸವಾಲ್ ಗೊತ್ತಿಲ್ಲದಾಂವಗ ಜವಾಬ್ ಯಾತಕ್ಕಲೇ?” ಎನ್ನುತ್ತಿದ್ದಳು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅಗಸಿ ಹಿಂಡಿ. ಬೇರೆ ದೊಡ್ಡ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನ ಹೊಸ್ತಿಲ ಹೊರಗೆ ಕೂತೆ, ಎರಡನೆಯ ದಿನ ಹೊಸ್ತಿಲ ಮೇಲೆ, ಮೂರನೆಯ ದಿನ ಒಲೆಯ ಪಕ್ಕದಲ್ಲಿ. ಒಂದು ತಿಂಗಳಲ್ಲಿ ಸವಾಲ್-ಜವಾಬಿನಲ್ಲಿ ನನ್ನನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ಸಿಕ್ಕಿಬಿದ್ದದ್ದೂ ಆ ಜಾಣತನದಿಂದಲೇ. ಒಂದು ಸಂಜೆ ಅಜ್ಜಿ ನನ್ನ ಅಂಗಿಯ ಮೇಲಿನ ಹಿಂಡಿಯ ಕಲೆ ನೋಡಿ, “ಎಲ್ಲಿ ಏನು ತಿಂದು ಬಂದಿಲೇ?” ಎಂದಳು. ನಾನು ಕೈ ಕಟ್ಟಿ ನಿಂತು, “ನಾನು ಎಲ್ಲಿ ಏನು ತಿಂದು ಬಂದೆ ಎಂದರೆ” ಎಂದು ಶುರುಮಾಡಿಬಿಟ್ಟೆ. ಅಜ್ಜಿಗೆ ಅಷ್ಟೇ ಸಾಕಾಯಿತು. ಆ ಓಣಿಯಲ್ಲಿ ಹಾಗೆ ಮಾತಾಡುವ ಮನೆ ಒಂದೇ. ಅವಳು ಗದ್ದಲ ಎಬ್ಬಿಸಿದಳು. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ವಚನ ಹಾಡುತ್ತಿದ್ದ ಅಜ್ಜ ಮಾತ್ರ, “ಮುಂಜಾನಿ ಅಷ್ಟೆಲ್ಲಾ ಹಾಡಿ, ಸಂಜಿಗಿ ಈ ಹುಡುಗಗ ಬೈಯಾಕ ನನ್ನ ಬಾಯಿ ಬರೂದಿಲ್ಲ. ನೀ ಬೇಕಾದ್ರ ಬೈಯಿ” ಎಂದ. ಅಜ್ಜಿ ಬೈದಳು, ನಾನು ಮರುದಿನವೂ ಹೋದೆ.

ಶನಿವಾರ ಮಾತ್ರ ಸವಾಲ್-ಜವಾಬ್ ಇಲ್ಲ. ಅಂದು ಸಂತಮ್ಮನ ಕತೆ. ಈ ಸಂತಮ್ಮ ಶತಮಾನಗಳ ಹಿಂದೆ ದೂರದ ದೇಶದಲ್ಲಿ ಬಾಳಿದ ಹೆಣ್ಣುಮಗಳು. ಅವಳ ನಿಜವಾದ ಹೆಸರನ್ನು ಮಾರ್ತಾಯಿ ವರ್ಷಕ್ಕೊಮ್ಮೆ, ಅವಳ ಹಬ್ಬದ ದಿನ, ನಾಲಿಗೆ ತಿರುವಿ ತಿರುವಿ ಹೇಳುತ್ತಿದ್ದಳು. ಉಳಿದ ದಿನ ಸಂತಮ್ಮ, ಅಷ್ಟೇ. ಸಣ್ಣವಳಿದ್ದಾಗಲೇ ಸಂತಮ್ಮನ ತಂದೆ ತಾಯಿ ತೀರಿಕೊಂಡರು, ಅದರ ಬೆನ್ನಿಗೇ ಜೀವದಂಥ ಅಕ್ಕನೂ ತೀರಿಕೊಂಡಳು. ಅನಾಥ ಹುಡುಗಿಯ ಉದ್ದ ಕೂದಲು ನೋಡಿ ನೆಂಟರು “ಇಂಥ ಕೂದಲಿಗಿ ವರಗೋಳು ಸಾಲುಗಟ್ಟಿ ಬರ್ತಾವ” ಎಂದರಂತೆ. ಅವಳು ಅದೇ ದಿನ ಮಸಿ ಕಲಸಿದ ನೀರಿನಲ್ಲಿ ತಲೆ ತೊಳೆದುಕೊಂಡಳು. ಇಲ್ಲಿಗೆ ಬಂದಾಗ ಮಾರ್ತಾಯಿ ಹಂಚಿನ ತಳಕ್ಕೆ ಬೆರಳು ಸವರಿ ಹತ್ತಿರ ಕೂತವರ ಹಣೆಗೆ ಒಂದು ಗೆರೆ ಎಳೆಯುತ್ತಿದ್ದಳು. ಮುಂದೆ ಸಂತಮ್ಮ ಮದುವೆಯೂ ಆಗಲಿಲ್ಲ, ಮಠವನ್ನೂ ಸೇರಲಿಲ್ಲ. ಅಕ್ಷರ ಗೊತ್ತಿಲ್ಲದ ಹುಡುಗಿಯರನ್ನು ಕೂಡಿಸಿಕೊಂಡು ದೇವರ ಮಾತು ಕಲಿಸುತ್ತ ಮನೆಯಿಂದ ಮನೆಗೆ ತಿರುಗಿದಳು. ತನ್ನಂಥ ಹೆಣ್ಣುಮಕ್ಕಳ ಗುಂಪು ಕಟ್ಟಿದಳು. ಅವರಿಗೆ ಬೇರೆ ಉಡುಪಿಲ್ಲ, ಬೇರೆ ಗೋಡೆಯಿಲ್ಲ. ತಮ್ಮ ತಮ್ಮ ಮನೆಯಲ್ಲೇ ಇದ್ದು ಓಣಿ ಓಣಿಗೆ ಹೋಗಿ ಕಲಿಸಬೇಕು.

ಆಮೇಲೆ ನಾವೆಲ್ಲ ಕಾಯುತ್ತಿದ್ದ ಭಾಗ. ಸಂತಮ್ಮ ನೀರು ದಾಟಿ ಪುಣ್ಯಕ್ಷೇತ್ರಕ್ಕೆ ಹೊರಟಳು. ಅರ್ಧ ದಾರಿಯಲ್ಲಿ ಕಣ್ಣು ಹೋಯಿತು. ಜೊತೆಯವರು ತಿರುಗಿ ಹೋಗೋಣ ಎಂದರು. “ಕಣ್ಣು ಹೋದ್ರ ಹೋಗ್ಲಿ, ಕಾಲು ಅದಾವಲ್ಲ, ನಡೀರಿ” ಎಂದಳಂತೆ. ಎಲ್ಲ ಕ್ಷೇತ್ರಗಳನ್ನೂ ಜೊತೆಯವರ ಬಾಯಿಂದ ಕೇಳಿ ಕೇಳಿ ನೋಡಿದಳು. ಬರುವಾಗ, ಎಲ್ಲಿ ಕಣ್ಣು ಹೋಗಿತ್ತೋ ಅಲ್ಲೇ ತಿರುಗಿ ಬಂತು.

ನನ್ನ ನೆನಪಿನಲ್ಲಿ ಸಂತಮ್ಮನ ಊರು ಗೊಬ್ಬೂರಿನ ಆಸುಪಾಸಿನದು, ಅವಳು ದಾಟಿದ ನೀರು ಭೀಮಾ ನದಿ. ಪುಣ್ಯಕ್ಷೇತ್ರವಂತೂ ಸಂಶಯವಿಲ್ಲದೆ ಅಫಜಲಪುರ. ವಿಶ್ವವಿದ್ಯಾಲಯಕ್ಕೆ ಹೋಗುವವರೆಗೂ ಹಾಗೆಯೇ ನಂಬಿದ್ದೆ. ಅಲ್ಲಿ ನಮ್ಮ ಮೇಷ್ಟ್ರು ಮೊದಲ ಪಾಠವಾಗಿ ಹೇಳಿಕೊಟ್ಟದ್ದು, ಯಾವ ಸಾಕ್ಷಿಯನ್ನೂ ಅದರ ಮುಖ ನೋಡಿ ನಂಬಬೇಡ ಎಂದು. ನಾನು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡೆನೆಂದರೆ ರಜೆಗೆ ಬಂದಾಗ ನಾನು ಹುಟ್ಟಿದ ವೇಳೆಗೆ ಆಧಾರ ಏನು ಎಂದು ಅವ್ವನನ್ನು ಕೇಳಿದ್ದೆ. ಅವ್ವ “ಆಧಾರ ನಾನೇ ಇದ್ದೆನಲ್ಲೋ” ಎಂದಳು. ಒಂದು ದಿನ ಲೈಬ್ರರಿಯಲ್ಲಿ ಸಂತರ ಚರಿತ್ರೆಯ ಪುಸ್ತಕ ಸಿಕ್ಕಿತು. ಮಸಿ ನೀರು ಇತ್ತು, ಹೋದ ಕಣ್ಣು ಇತ್ತು, ಬಂದ ಕಣ್ಣೂ ಇತ್ತು. ಗೊಬ್ಬೂರು ಇರಲಿಲ್ಲ. ಭೀಮೆಯ ಜಾಗದಲ್ಲಿ ಒಂದು ಸಮುದ್ರವಿತ್ತು.

ಅಂದಿನಿಂದ ನನಗೊಂದು ತಮಾಷೆ ಸಿಕ್ಕಿತು. ಗೆಳೆಯರ ಊಟದಲ್ಲಿ, ಸೆಮಿನಾರಿನ ಚಹಾ ಬಿಡುವಿನಲ್ಲಿ, ಮಾವನ ಮನೆಯಲ್ಲಿ ಕೂಡ, ಪರದೇಶದ ಸಂತಮ್ಮನನ್ನು ನಮ್ಮ ಉಪದೇಶಿ ಹೇಗೆ ಭೀಮೆ ದಾಟಿಸಿ ಅಫಜಲಪುರಕ್ಕೆ ಕಳಿಸಿದಳು ಎಂದು ಬಣ್ಣ ಕಟ್ಟಿ ಹೇಳುತ್ತಿದ್ದೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಜಾನಪದ ಮನಸ್ಸು, ಮೌಖಿಕ ಪರಂಪರೆ ಎಂದೆಲ್ಲ ಎರಡು ಮಾತು ಸೇರಿಸಿದರೆ ಆ ನಗುವಿಗೆ ವಿದ್ವತ್ತಿನ ಮೆರುಗೂ ಬರುತ್ತಿತ್ತು. ಇಪ್ಪತ್ತು ವರ್ಷ ಈ ಒಂದೇ ತಮಾಷೆಯ ಮೇಲೆ ಬದುಕಿದೆ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಫೋನು ಬಂತು.

“ಶರಣ್ಯಾ, ನಾ ಮಾರ್ತಾಯಿ. ನಂದು ಪರೀಕ್ಷಾ ಅದಲೇ, ನಿಮ್ಮ ಆಳಂದದಾಗ.”

ಎಪ್ಪತ್ತೈದು ದಾಟಿದವಳಿಗೆ ಎಂಥ ಪರೀಕ್ಷೆ? ಸುತ್ತಲಿನ ತಾಲೂಕುಗಳ ಉಪದೇಶಿಗಳನ್ನೆಲ್ಲ ಆಳಂದದ ಚರ್ಚಿನ ಹಾಲಿಗೆ ಕರೆದಿದ್ದಾರಂತೆ. ಹೊಸ ಪುಸ್ತಕ ಬಂದಿದೆ. ಒಬ್ಬ ಸಿಸ್ಟರ್ ಬಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಈ ಸಂತಮ್ಮನ ಜೀವನ ಹೇಳಿಸುತ್ತಾರೆ, ಉಪದೇಶ ಕಲಿಸುವವರಿಗೆ ಅವಳೇ ಮೇಲ್ಪಂಕ್ತಿಯಂತೆ. ಸರಿಯಾಗಿ ಹೇಳಿದವರು ಮುಂದುವರಿಯುತ್ತಾರೆ. ಹೇಳದ ಹಿರಿಯರಿಗೆ ಸನ್ಮಾನ ಮಾಡಿ ವಿಶ್ರಾಂತಿ ಕೊಡುತ್ತಾರೆ.

“ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನಿಗಿ ಕಳಸ್ತಾರಂತ,” ಎಂದಳು. ದನಿ ಸಣ್ಣಗಾಯಿತು. “ನನಗ ಶಾಲು ಬ್ಯಾಡಲೇ ಶರಣ್ಯಾ. ನನಗ ನನ್ನ ಹುಡುಗೂರು ಬೇಕು. ಹನ್ನೊಂದು ಮಂದಿ ಅದಾವ ಈಗ. ನೀ ದೊಡ್ಡ ಮಾಸ್ತರ್ ಆಗಿದಿ, ಜರಾ ಹೇಳಿಕೊಡು.”

ಪರೀಕ್ಷೆಯ ಎರಡು ದಿನ ಮುಂಚೆ ಬಂದಳು. ನಾನು ಗಂಭೀರವಾಗಿ ಒಂದು ಪುಟ ಸಿದ್ಧ ಮಾಡಿದ್ದೆ. ಸಂತಮ್ಮನ ಪೂರ್ಣ ಹೆಸರು, ಊರಿನ ಹೆಸರು, ದೇಶದ ಹೆಸರು, ಸಮುದ್ರದ ಹೆಸರು. ಅದನ್ನು ಓದಿ ಓದಿ ಅವಳ ಬಾಯಿಗೆ ಹತ್ತಿಸುವುದು ನನ್ನ ಯೋಜನೆ. ಜಗದೇವಿ ಮುಚ್ಚುಮರೆಯಿಲ್ಲದೆ ಮೋಜು ನೋಡುತ್ತ ಕೂತಳು.

“ಮೊದಲು ಒಂದು ತಿದ್ದಬೇಕು ಆಯಿ,” ಎಂದೆ. “ಅದು ಭೀಮಾ ಅಲ್ಲ. ಸಮುದ್ರ.”

“ನಾ ಸಮುದ್ರನೇ ಹೇಳೇನಿ.”

“ಇಲ್ಲ ಆಯಿ, ಭೀಮಾ ಅಂತಿದ್ದಿ. ನನಗ ಖರೇ ಯಾದ ಅದ.”

“ನೀ ಅರ್ಧಾ ಕೇಳಾಂವ, ಪೂರಾ ತಿನ್ನಾಂವ,” ಎಂದಳು. ಜಗದೇವಿ ನಕ್ಕು ನಕ್ಕು ಕೆಮ್ಮಿದಳು.

ನನಗೆ ಹಟ ಬಂತು. ಸಾಕ್ಷಿ ಬೇಕಲ್ಲ, ಕೊಟ್ಟೆ. “ಹಂಗಾದ್ರ ನಿನಗೂ ಒಮ್ಮಿ ಕಣ್ಣು ಹೋಗಿತ್ತಲ್ಲ, ಅದರ ಸಂಗಾಟ ಈ ಕತಿ ಕಲಸಿಬಿಟ್ಟಿ ನೀ. ನಾವಿಬ್ರೂ ಜೇವರ್ಗಿಯಿಂದ ಬಸ್ಸಿನಾಗ ಅಫಜಲಪುರಕ್ಕ ಹೋಗಿದ್ವಿ. ನಿನ್ನ ಕಣ್ಣಿಗಿ ಅರಿವಿ ಕಟ್ಟಿತ್ತು, ನಾ ನಿನ್ನ ಕೈ ಹಿಡಿದು ಕೂತಿದ್ದೆ.”

ಮಾರ್ತಾಯಿ ಹಣೆ ಚಚ್ಚಿಕೊಂಡಳು. “ನನಗ ಎಲ್ಲಿ ಕಣ್ಣು ಹೋಗಿತ್ತಲೇ? ಕಣ್ಣು ಬ್ಯಾನಿ ಬಂದದ್ದು ನಿನಗ!”

ಆಮೇಲೆ ಅವಳು ಹೇಳಿದ್ದು ಇದು. ಆ ವರ್ಷ ಊರಿಗೆಲ್ಲ ಕಣ್ಣುಬೇನೆ ಬಂದಿತ್ತು. ನನಗೆ ಅದು ಬಲವಾಗಿಯೇ ಹಿಡಿದು ರೆಪ್ಪೆಗಳು ಅಂಟಿಹೋಗಿದ್ದವು. ರೈತರ ಕಾಳು ಮಾರಿಕೊಡುವ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ತೊಗರಿಯ ಸುಗ್ಗಿ. ಅವ್ವ ಬಾಣಂತಿ. ಮಾರ್ತಾಯಿಯೇ ಮಿಲ್ಲಿಗೆ ರಜೆ ಹಾಕಿ, ನನ್ನ ಎರಡೂ ಕಣ್ಣಿಗೆ ಒದ್ದೆ ಅರಿವೆ ಕಟ್ಟಿ, ಅಫಜಲಪುರದಲ್ಲಿ ಸಿಸ್ಟರ್‌ಗಳು ನಡೆಸುತ್ತಿದ್ದ ದವಾಖಾನೆಗೆ ಒಯ್ದಳು. ಕಿಟಕಿ ಪಕ್ಕದ ಸೀಟು ಸಿಕ್ಕೂ ಏನೂ ಕಾಣುತ್ತಿಲ್ಲ ಎಂದು ನಾನು ಬಸ್ಸು ಕಿತ್ತುಹೋಗುವಂತೆ ಅಳುತ್ತಿದ್ದೆನಂತೆ. “ಹಂಗಂತ ದಾರಿ ತುಂಬಾ ನಾನೇ ನಿನಗ ಕಿಡಕಿ ಆದೆ ನೋಡು. ಅಲ್ಲಿ ನೋಡು ಎಮ್ಮಿ, ಇಲ್ಲಿ ನೋಡು ಹೊಳಿ, ಅಂತ.”

ನನ್ನ ಬಾಲ್ಯದ ಅತ್ಯಂತ ಸ್ಪಷ್ಟ ಚಿತ್ರ ಯಾವುದೆಂದು ಕೇಳಿದ್ದರೆ ಅದುವರೆಗೆ ನಾನು ಆ ಪ್ರಯಾಣವನ್ನೇ ಹೇಳುತ್ತಿದ್ದೆ. ಭೀಮೆಯ ಸೇತುವೆ, ಕೆಳಗೆ ಕಂದು ನೀರು, ಎಮ್ಮೆಯ ಬೆನ್ನ ಮೇಲೆ ಬೆಳ್ಳಕ್ಕಿ, ದಂಡೆಯ ಕಲ್ಲಿನ ಮೇಲೆ ಹರವಿದ ಒಂದು ಕೆಂಪು ಸೀರೆ.

“ಕೆಂಪು ಸೀರಿ ಇತ್ತಲ್ಲ ಆಯಿ, ಕಲ್ಲಿನ ಮ್ಯಾಲ?” ಎಂದೆ, ಕೊನೆಯ ಆಸರೆ ಎಂಬಂತೆ.

“ಹೇಳಿದ್ದೆ ನೋಡು ಹಂಗ. ಖರೇ ಇತ್ತೋ, ನಿನ್ನ ಅಳು ನಿಂದರಸಾಕ ಹೇಳಿದ್ನೋ, ನನಗ ಯಾದಿಲ್ಲ.”

ಅಂದರೆ ನಾನು ಕಣ್ಣಾರೆ ಕಂಡದ್ದೆಂದು ಆಣೆ ಇಡಬಹುದಾಗಿದ್ದ ಆ ಸೀರೆಯನ್ನು ನಾನು ಕಂಡಿರಲಿಲ್ಲ, ಬಹುಶಃ ಅವಳೂ ಕಂಡಿರಲಿಲ್ಲ. ಜಗದೇವಿ ಎದ್ದು ಹೋಗುತ್ತ, “ಸಾಕ್ಷಿ ಬರೋಬರ್ ಅದ ನೋಡ್ರಿ. ಕ್ಲಾಸಿನಾಗ ಪಾಠ ಮಾಡ್ರಿ ಇದನ್ನ” ಎಂದಳು. ಆದರೂ ಹಟ ಬಿಡದೆ ನನ್ನ ಪುಟವನ್ನು ಎರಡು ದಿನ ಅವಳಿಗೆ ಉರು ಹಚ್ಚಿಸಿದೆ. ಅವಳು ಪಾಪ, ಒಳ್ಳೆಯ ವಿದ್ಯಾರ್ಥಿನಿಯಂತೆ ಒಪ್ಪಿಸಿದಳು.

ಪರೀಕ್ಷೆಯ ದಿನ ಅವಳ ಜೊತೆ ಹೋಗಿ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತೆ. ಇಪ್ಪತ್ತು ಮಂದಿ ಉಪದೇಶಿಗಳಿದ್ದರು. ಹೆಚ್ಚಿನವರು ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು, ಕೈಯಲ್ಲಿ ಫೈಲು. ಮುಂದಿನ ಮೇಜಿನ ಮೇಲೆ ಮಡಿಚಿಟ್ಟ ಶಾಲುಗಳು, ಪ್ಲಾಸ್ಟಿಕ್ ಹೊದಿಸಿದ ಹಣ್ಣಿನ ಬುಟ್ಟಿಗಳು ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದವು. ಪರೀಕ್ಷೆ ಮಾಡುವ ಸಿಸ್ಟರ್ ಕರಾವಳಿ ಕಡೆಯವರು. ದಪ್ಪ ಕನ್ನಡಕ, ಮೆಲು ಮಾತು, ಆದರೆ ಪೆನ್ನು ಮಾತ್ರ ಮೆಲು ಅಲ್ಲ. ಭೂಸನೂರಿನ ಒಬ್ಬ ಹುಡುಗ ಎದ್ದು ಸಂತಮ್ಮನ ಜೀವನವನ್ನು ನಡುವೆ ಎಲ್ಲೂ ನಿಲ್ಲದ ರೈಲಿನಂತೆ ಒಂದೇ ಉಸಿರಿನಲ್ಲಿ ಮುಗಿಸಿದ. ಪೂರ್ತಿ ಅಂಕ. ಇಬ್ಬರು ಹಿರಿಯರು ತಡವರಿಸಿದರು. ಪೆನ್ನು ಏನೋ ಬರೆದುಕೊಂಡಿತು. ಅವರಿಬ್ಬರೂ ಬುಟ್ಟಿಗಳ ಕಡೆ ನೋಡದೆ ಬಂದು ಕೂತರು.

“ಮಾರ್ತಮ್ಮನವರು,” ಎಂದರು ಸಿಸ್ಟರ್. “ಸಂತಮ್ಮನವರ ಜೀವನ ಹೇಳಿ ಅಮ್ಮಾ.”

ಮಾರ್ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. “ಸಂತಮ್ಮನ ಜೀವನ ಹೇಳು ಅಂದ್ರ, ಹೇಳ್ತೇನ್ರಿ.” ಆಮೇಲೆ ನನ್ನ ಪುಟ ಶುರುವಾಯಿತು. ಊರಿನ ಹೆಸರಿನ ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ ಹೊರಟಳು. ಮತ್ತೆ ಅಲ್ಲೇ ನಿಂತಳು. ಸಿಸ್ಟರ್ ಕೈ ಪೆನ್ನಿನ ಕಡೆ ಹೋಯಿತು. ಐವತ್ತು ವರ್ಷದ ಪಾಠ ನಾನು ಬರೆದ ಒಂದು ಪುಟಕ್ಕೆ ಎಡವಿ ಬಿದ್ದಿತ್ತು. ಹಿಂದಿನ ಬೆಂಚಿನಿಂದ ನಾನು ತಡೆಯಲಾರದೆ ತುಟಿ ಆಡಿಸುತ್ತ ಊರಿನ ಹೆಸರು ಹೇಳಿಕೊಡತೊಡಗಿದೆ.

ಅವಳು ಕಂಡುಬಿಟ್ಟಳು. “ಲೇ ಶರಣ್ಯಾ! ಹೇಳಿಕೊಡಬ್ಯಾಡ!”

ಇಡೀ ಹಾಲು ನಕ್ಕಿತು. ಅರೆನರೆತ ತಲೆಯ ಮಾಸ್ತರನನ್ನು ಗದರಿಸಿದ್ದೇ ತಡ, ಮಾರ್ತಾಯಿಗೆ ತನ್ನ ಜಾಗ ಸಿಕ್ಕಿದಂತಾಯಿತು. ನನ್ನ ಪುಟವನ್ನು ಅಲ್ಲೇ ಬಿಟ್ಟು, ಪಕ್ಕದ ಮೇಜಿನ ಮೇಲಿದ್ದ ಚಹಾದ ಪಾತ್ರೆಯ ತಳಕ್ಕೆ ಬೆರಳು ಸವರಿ, ತನ್ನ ಬೆಳ್ಳಿ ಕೂದಲಿಗೇ ಮಸಿಯ ಗೆರೆ ಎಳೆದುಕೊಂಡಳು. ಫೈಲು ಹಿಡಿದ ಹುಡುಗಿಯರು ಕುರ್ಚಿಯ ತುದಿಗೆ ಬಂದರು. ನೆಂಟರು ಮಾತಾಡಿದರು, ವರಗಳು ತಿರುಗಿ ಹೋದವು, ಓಣಿ ಓಣಿಯ ಹುಡುಗಿಯರು ಬಂದು ಕೂತರು. ಆಮೇಲೆ ನೀರು ಬಂತು. ಮಾರ್ತಾಯಿ ಎರಡೂ ಕೈ ಚಾಚಿ “ಮುಂದ ಭೀಮಾ...” ಎಂದಳು.

“ಅಮ್ಮಾ, ಒಂದು ನಿಮಿಷ,” ಎಂದರು ಸಿಸ್ಟರ್. “ಭೀಮಾ ಅಲ್ಲ. ಅದು ಸಮುದ್ರ.”

ನಾನು ತಲೆ ತಗ್ಗಿಸಿದೆ. ಮುಗಿಯಿತು.

“ನಾ ಪೂರಾ ಹೇಳೇ ಇಲ್ರಿ ಇನ್ನ,” ಎಂದಳು ಮಾರ್ತಾಯಿ. “ಸಿಸ್ಟರ್, ನೀವು ಸಮುದ್ರ ನೋಡೀರೇನ್ರಿ?”

“ನಾನು ಹುಟ್ಟಿದ್ದೇ ಸಮುದ್ರದ ಬದಿಯಲ್ಲಿ.”

“ಛಲೋ ಆತು. ನಾ ನೋಡಿಲ್ಲ. ನಮ್ಮ ಹುಡುಗೂರೂ ನೋಡಿಲ್ಲ. ಅವುಕ್ಕ ಹೇಳ್ರಿ, ಸಮುದ್ರ ಅಂದ್ರ ಹೆಂಗಿರ್ತದ?”

ಸಿಸ್ಟರ್ ನಕ್ಕರು. “ಸಮುದ್ರ ಅಂದ್ರೆ... ತುಂಬಾ ನೀರು. ಉಪ್ಪು ನೀರು. ಅಲೆಗಳು ಬರ್ತಾ ಇರ್ತವೆ.”

“ಉಪ್ಪು ಆಮ್ಯಾಲ ಹಾಕೂಣ್ರಿ. ಎಷ್ಟು ನೀರು? ಕೆರಿಯಷ್ಟು?”

“ಇಲ್ಲಮ್ಮಾ, ಕೆರೆಗಿಂತ ತುಂಬಾ ದೊಡ್ಡದು.”

“ಎಷ್ಟು ದೊಡ್ಡದು?”

“ತುಂಬಾ... ಅಂದ್ರೆ...” ಸಿಸ್ಟರ್ ಕೈ ಅಗಲಿಸಿದರು, ಇನ್ನಷ್ಟು ಅಗಲಿಸಿದರು, ಆಮೇಲೆ ತಮ್ಮ ಕೈಗಳನ್ನು ತಾವೇ ನೋಡಿಕೊಂಡು ಇಳಿಸಿದರು.

“ಈಗ ನಾ ಹೇಳ್ತೇನಿ, ತಪ್ಪಿದ್ರ ತಿದ್ರಿ,” ಎಂದಳು ಮಾರ್ತಾಯಿ. “ಶ್ರಾವಣದಾಗ ಭೀಮಾ ತುಂಬಿ ಬಂದಾಳ. ನೀವು ದಂಡಿ ಮ್ಯಾಲ ನಿಂತೀರಿ. ಆಚಿ ದಂಡಿ ದೂರ ಒಂದು ಸಣ್ಣ ಗೆರಿ ಹಂಗ ಕಾಣ್ತದ. ಕಂಡ್ತೇನ್ರಿ?”

“ಕಂಡಿತು,” ಎಂದರು ಸಿಸ್ಟರ್.

“ಈಗ ಆ ಗೆರಿ ಅಳಿಸಿಬಿಡ್ರಿ.” ಮಾರ್ತಾಯಿ ಅಂಗೈಯಿಂದ ಗಾಳಿಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒರೆಸಿದಳು. “ಆಚಿ ದಂಡಿನೇ ಇಲ್ಲ. ಆಚಿ ಕಡಿಯೇ ಇಲ್ಲದ ಭೀಮಾ. ಅಂಥಾದ್ರಾಗ ಸಂತಮ್ಮ ಕಾಲಿಟ್ಟಳು. ಇದು ಸಮುದ್ರ ಹೌದೋ ಅಲ್ಲೋ ಹೇಳ್ರಿ.”

ನಾನು ಗೋವಾದಲ್ಲಿ, ಕಾರವಾರದಲ್ಲಿ ಸಮುದ್ರ ನೋಡಿದ್ದೇನೆ, ಫೋಟೊ ತೆಗೆದಿದ್ದೇನೆ. ಆದರೆ ಅದರ ಅಗಾಧತೆ ನಿಜವಾಗಿ ತಿಳಿದದ್ದು ಸಮುದ್ರದಿಂದ ನೂರಾರು ಮೈಲಿ ಈಚೆ, ಆಳಂದದ ಆ ಹಾಲಿನಲ್ಲಿ. ಜೊತೆಗೆ ಇನ್ನೊಂದೂ ತಿಳಿಯಿತು. ಒಲೆಯ ಬೆಳಕಿನಲ್ಲಿ, ಹಿಟ್ಟು ಹತ್ತಿದ ಅದೇ ಅಂಗೈ ಅದೇ ರೀತಿ ಗಾಳಿಯನ್ನು ಒರೆಸುತ್ತಿತ್ತು. ಪ್ರತಿ ಶನಿವಾರ. ನಾನು ಭೀಮೆಯನ್ನು ನೆನಪಿಟ್ಟುಕೊಂಡು ಆ ಕೈಯನ್ನು ಮರೆತಿದ್ದೆ. ಅಥವಾ ಆ ಕೈಯನ್ನು ನನ್ನ ನೆನಪು ಆ ಕ್ಷಣದಲ್ಲಿ ಹೊಸದಾಗಿ ಹೊಲಿದುಕೊಂಡಿತೋ ಏನೋ, ಈ ನೆನಪಿನ ವ್ಯವಹಾರದಲ್ಲಿ ನಾನಿನ್ನು ಯಾರಿಗೂ ಜಾಮೀನು ನಿಲ್ಲಲಾರೆ. ಒಂದು ಮಾತ್ರ ನ್ಯಾಯವಾಗಿ ಒಪ್ಪಬೇಕು. ಇಪ್ಪತ್ತು ವರ್ಷ ನಾನು ಹಂಚಿದ ಆ ನಗೆಯಲ್ಲಿ ನಗೆಪಾಟಲಾಗಬೇಕಾದವನು ನಾನೇ ಆಗಿದ್ದೆ. ಹಾಗೆ ಅನ್ನಿಸಿದಾಗ ನಾಚಿಕೆಯಾಗುವ ಬದಲು ಎದ್ದು ಕುಣಿಯುವಷ್ಟು ಖುಷಿಯಾಯಿತು.

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಹೌದಮ್ಮಾ, ಸಮುದ್ರವೇ,” ಎಂದರು. “ಮುಂದೆ ಹೇಳಿ. ಅವರ ಕಣ್ಣು ಏನಾಯ್ತು?”

ಆ ಪ್ರಶ್ನೆ ಪರೀಕ್ಷೆಯದ್ದಾಗಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ಪೆನ್ನು ಮುಚ್ಚಳ ಹಾಕಿಕೊಂಡು ಮೇಜಿನ ಮೇಲೆ ಮಲಗಿತ್ತು. ಸಂತಮ್ಮನ ಕಣ್ಣು ಹೋದಾಗ ಒಬ್ಬಳು ಹುಡುಗಿ ಅಯ್ಯೋ ಎಂದಳು. ಕಣ್ಣು ತಿರುಗಿ ಬಂದಾಗ ತಡವರಿಸಿದ್ದ ಆ ಇಬ್ಬರು ಹಿರಿಯರೇ ಮೊದಲು ಚಪ್ಪಾಳೆ ಹೊಡೆದರು. ಆಮೇಲೆ ಹಾಲೆಲ್ಲ ಹೊಡೆಯಿತು. ನನ್ನದು ಎಲ್ಲರಿಗಿಂತ ಜೋರು ಎಂದು ನೆನಪು.

ಊಟದ ನಂತರ ಸಿಸ್ಟರ್ ಫಲಿತಾಂಶ ಹೇಳಿದರು. ಮಾರ್ತಮ್ಮ ಮುಂದುವರಿಯುತ್ತಾರೆ. ಅಷ್ಟೇ ಅಲ್ಲ, ಹೊಸ ಉಪದೇಶಿಗಳೆಲ್ಲ ಸರದಿಯ ಮೇಲೆ ಜೇವರ್ಗಿಗೆ ಹೋಗಿ ಅವರ ಪಾಠದಲ್ಲಿ ಕೂತು ಬರಬೇಕು. ಆ ಇಬ್ಬರು ಹಿರಿಯರೂ ಸದ್ಯ ಮನೆಗೆ ಹೋಗುವುದು ಬೇಡ, ಅವರನ್ನು ತಾವು ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಬೇಕಿತ್ತು ಎಂದರು. ರೈಲಿನಂತೆ ಒಪ್ಪಿಸಿದ್ದ ಭೂಸನೂರಿನ ಹುಡುಗ ಬಂದು ಕೈ ಮುಗಿದು, “ಆಯಿ, ಮೊದಲು ನಾ ಬರ್ಲೇನ್ರಿ?” ಎಂದ.

“ಬಾ. ಪುಸ್ತಕ ಬಿಟ್ಟು ಬಾ, ಹಸಕೊಂಡು ಬಾ,” ಎಂದಳು ಮಾರ್ತಾಯಿ. ಹೊರಡುವಾಗ ಯಾರಿಗೂ ಬೇಡವಾದ ಒಂದು ಬುಟ್ಟಿಯ ಪ್ಲಾಸ್ಟಿಕ್ ಹರಿದು ಸೇಬು ತೆಗೆದುಕೊಂಡು, “ಶಾಲು ಬ್ಯಾಡ ಅಂದಿದ್ದೆ. ಹಣ್ಣು ಬ್ಯಾಡ ಅಂದಿದ್ದಿಲ್ಲ” ಎಂದಳು.

ಇನ್ನೆರಡು ದಿನ ಇದ್ದು ಹೋಗಲು ಜಗದೇವಿ ಗೋಗರೆದಳು. ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಲಬುರಗಿಯ ಬಸ್ಸು ತುಂಬಿ ನಿಂತಿತ್ತು. ಅಲ್ಲಿಂದ ಅವಳು ಜೇವರ್ಗಿಯ ಬಸ್ಸು ಹಿಡಿಯಬೇಕು. ಮುಂದಿನ ಸೀಟಿನಲ್ಲಿ ಅವಳನ್ನು ಕೂಡಿಸಿ ಕೆಳಗಿಳಿದೆ. ಕಂಡಕ್ಟರ್ ಬಾಗಿಲ ಬಳಿ ನಿಂತು ಯಾರ ಜೊತೆಯೋ ಹರಟುತ್ತಿದ್ದ. ಮಾರ್ತಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಕೂದಲಲ್ಲಿ ಮಸಿಯ ಗೆರೆ ಹಾಗೇ ಇತ್ತು.

“ಏ ಕಂಡಕ್ಟರಪ್ಪಾ, ಬಸ್ ಬಿಡೋ! ನಾಳಿ ಸಂಜಿಗಿ ನನ್ನ ಕ್ಲಾಸ್ ಅದ!”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ನಗುತ್ತ ಕೇಳಿದ, “ಎಷ್ಟನೇ ಕ್ಲಾಸ್ ಕಲಿಯಾಕತ್ತಿ, ಆಯಿ?”

“ಕಲಿಯಾಕಿ ಅಲ್ಲಪ್ಪಾ,” ಎಂದಳು, ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ. “ಕಲಿಸಾಕಿ!”

ಕಂಡಕ್ಟರ್ ತಡಮಾಡದೆ ಸೀಟಿ ಊದಿದ.